ಆಟದ ಪುಸ್ತಕಗಳ ಸಹಾಯಾರ್ಥ ಮಾರಾಟ

ಆಟದ ಪುಸ್ತಕಗಳ ಸಹಾಯಾರ್ಥ ಮಾರಾಟ ಎಂದರೆ ಹವ್ಯಾಸಿ ಆಟಗಳ ನಿಯಮಪುಸ್ತಕ, ಕಥಾಪುಸ್ತಕ ಮತ್ತು ಪೂರಕ ಕೃತಿಗಳನ್ನು ಮಾರಿ, ಬಂದ ಹಣವನ್ನು ಪೂರ್ಣವಾಗಿ ಅಥವಾ ಭಾಗಶಃ ಸೇವಾಕಾರ್ಯಕ್ಕೆ ನೀಡುವ ಪದ್ಧತಿ. ಹಳೆಯ ಮುದ್ರಿತ ಪ್ರತಿಗಳ ಮಾರಾಟ, ಹರಾಜು, ವಿದ್ಯುನ್ಮಾನ ಪ್ರತಿಗಳ ಬಂಡಲ್ ಮತ್ತು ಸಹಾಯಾರ್ಥವಾಗಿಯೇ ಪ್ರಕಟವಾಗುವ ಹೊಸ ಪುಸ್ತಕ ಇದರ ಮುಖ್ಯ ರೂಪಗಳು. 2010ರ ನಂತರ ಭೂಕಂಪ, ಯುದ್ಧ ಮೊದಲಾದ ಸಂದರ್ಭಗಳಲ್ಲಿ ಈ ವಿಧಾನದಿಂದ ದೊಡ್ಡ ಮೊತ್ತಗಳು ಸಂಗ್ರಹವಾಗಿವೆ.

ಹಿನ್ನೆಲೆ

ಚದುರಂಗ ಅಥವಾ ಪಗಡೆಯಲ್ಲಿ ಹಾಸು, ಕಾಯಿ ಮತ್ತು ದಾಳಗಳೇ ಆಟದ ಮುಖ್ಯ ಸಾಮಗ್ರಿ. ಪಾತ್ರಾಭಿನಯ ಆಟಗಳಲ್ಲಿ (ರೋಲ್ ಪ್ಲೇಯಿಂಗ್ ಗೇಮ್) ಪುಸ್ತಕವೇ ಆಟದ ಮೂಲ ಸಾಮಗ್ರಿಯಾಗಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಪ್ರಕಾರದ ಮೊದಲ ಪ್ರಕಟಿತ ಆಟವೆಂದು ಪರಿಗಣಿತವಾಗಿದೆ. ಒಬ್ಬರು ಕಥೆಯನ್ನು ನಿರ್ವಹಿಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಆಡುತ್ತಾರೆ. ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ಉರುಳಿಸುತ್ತಾರೆ. ಒಬ್ಬನೇ ಓದುತ್ತ ಆಡಬಹುದಾದ ಆಟಪುಸ್ತಕಗಳು 1982ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಫೈಟಿಂಗ್ ಫ್ಯಾಂಟಸಿ’ ಮಾಲೆಯಿಂದ ಜನಪ್ರಿಯವಾದವು.

2000ದ ದಶಕದಲ್ಲಿ ಇಂತಹ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಅಂತರಜಾಲ ಮಳಿಗೆಗಳಲ್ಲಿ ಮಾರಾಟವಾಗತೊಡಗಿದವು. ಮುದ್ರಿತ ಪುಸ್ತಕದ ಪ್ರತಿಯೊಂದು ಪ್ರತಿಗೂ ಕಾಗದ, ಮುದ್ರಣ ಮತ್ತು ಸಾಗಣೆಯ ವೆಚ್ಚವಿದೆ. ವಿದ್ಯುನ್ಮಾನ ಪ್ರತಿಯಲ್ಲಿ ಒಮ್ಮೆ ಸಿದ್ಧವಾದ ನಂತರ ಹೆಚ್ಚುವರಿ ಪ್ರತಿಗೆ ತಗಲುವ ವೆಚ್ಚ ಅತ್ಯಲ್ಪ. ಆದ್ದರಿಂದ ಪ್ರಕಾಶಕರು ಕೈಯಿಂದ ಹಣ ಹಾಕದೆ ತಮ್ಮ ಕೃತಿಗಳನ್ನು ಸಹಾಯಾರ್ಥ ನೀಡಲು ಸಾಧ್ಯವಾಯಿತು.

ವಿಧಾನಗಳು

ಬಂಡಲ್: ಅನೇಕ ಪ್ರಕಾಶಕರ ಕೃತಿಗಳನ್ನು ಒಟ್ಟುಗೂಡಿಸಿ, ಅವುಗಳ ಒಟ್ಟು ಬೆಲೆಗಿಂತ ಬಹಳ ಕಡಿಮೆ ದರದಲ್ಲಿ ಸೀಮಿತ ಅವಧಿಗೆ ಮಾರಲಾಗುತ್ತದೆ. ಖರೀದಿದಾರನು ನಿಗದಿತ ಕನಿಷ್ಠ ಮೊತ್ತಕ್ಕಿಂತ ಹೆಚ್ಚು ನೀಡಲು ಅವಕಾಶವಿರುವುದುಂಟು.

ಪಾಲು ನೀಡಿಕೆ: ಮಾರಾಟದ ನಿರ್ದಿಷ್ಟ ಶೇಕಡಾ ಭಾಗ ಮಾತ್ರ ಸೇವಾಸಂಸ್ಥೆಗೆ ಹೋಗುತ್ತದೆ, ಉಳಿದದ್ದು ಲೇಖಕರಿಗೆ, ಪ್ರಕಾಶಕರಿಗೆ ಮತ್ತು ಮಳಿಗೆಗೆ ಸಲ್ಲುತ್ತದೆ.

ವಿಶೇಷ ಕೃತಿ: ಸಹಾಯಾರ್ಥವಾಗಿಯೇ ಒಂದು ಹೊಸ ಪುಸ್ತಕವನ್ನು ಬರೆದು ಪ್ರಕಟಿಸಲಾಗುತ್ತದೆ.

ಹಳೆಯ ಪ್ರತಿಗಳ ಮಾರಾಟ ಮತ್ತು ಹರಾಜು: ಆಟಗಾರರು ತಮ್ಮ ಸಂಗ್ರಹದಿಂದ ನೀಡಿದ ಪುಸ್ತಕಗಳನ್ನು ಮಾರಲಾಗುತ್ತದೆ. ಇದು ಹಳೆಯ ಪುಸ್ತಕಗಳ ಸಹಾಯಾರ್ಥ ಅಂಗಡಿಯ ವಿಸ್ತರಣೆ. ಬ್ರಿಟನ್ನಿನ ಆಕ್ಸ್‌ಫ್ಯಾಮ್ ಸಂಸ್ಥೆ 1987ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪುಸ್ತಕಗಳಿಗಾಗಿಯೇ ಇಂತಹ ಮಳಿಗೆಯನ್ನು ತೆರೆಯಿತು.

ಪ್ರಮುಖ ನಿದರ್ಶನಗಳು

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಸಂಭವಿಸಿದಾಗ ‘ಡ್ರೈವ್‌ಥ್ರೂಆರ್‌ಪಿಜಿ’ ಎಂಬ ಅಂತರಜಾಲ ಮಳಿಗೆ, 20 ಡಾಲರ್ ನೀಡಿದವರಿಗೆ ಅನೇಕ ಪ್ರಕಾಶಕರ ಪುಸ್ತಕಗಳ ಬಂಡಲನ್ನು ಒದಗಿಸಿತು. ಇದರಿಂದ ಸಂಗ್ರಹವಾದ 1,75,000 ಡಾಲರಿಗೂ ಹೆಚ್ಚಿನ ಮೊತ್ತ ‘ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಗೆ ಸಂದಿತು. ಅದೇ ವರ್ಷ ಆರಂಭವಾದ ‘ಹಂಬಲ್ ಬಂಡಲ್’ ಮೊದಲು ಗಣಕ ಆಟಗಳನ್ನೂ ನಂತರ ಆಟದ ಪುಸ್ತಕಗಳನ್ನೂ ಈ ಬಗೆಯಲ್ಲಿ ಮಾರಿತು.

ಅಮೆರಿಕದ ಆಟವಿನ್ಯಾಸಕ ಅಲನ್ ವಾರ್ನಿ 2013ರಲ್ಲಿ ಆರಂಭಿಸಿದ ‘ಬಂಡಲ್ ಆಫ್ ಹೋಲ್ಡಿಂಗ್’ ಪಾತ್ರಾಭಿನಯ ಆಟದ ಪುಸ್ತಕಗಳಿಗೇ ಮೀಸಲಾಗಿದೆ. ಪಾವತಿ ಶುಲ್ಕ ಕಳೆದ ನಂತರದ ಮೊತ್ತದಲ್ಲಿ ಶೇ. 10 ಭಾಗವನ್ನು ಇದು ಸೇವಾಸಂಸ್ಥೆಗೆ ನೀಡುತ್ತದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಾಶಕರು 2017ರಲ್ಲಿ ‘ದಿ ಟಾರ್ಟಲ್ ಪ್ಯಾಕೇಜ್’, 2018ರಲ್ಲಿ ‘ಲಾಸ್ಟ್ ಲ್ಯಾಬೊರೇಟರಿ ಆಫ್ ಕ್ವಾಲಿಷ್’ ಎಂಬ ಕಿರುಕೃತಿಗಳನ್ನು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ‘ಎಕ್ಸ್‌ಟ್ರಾ ಲೈಫ್’ ಕಾರ್ಯಕ್ರಮಕ್ಕಾಗಿ ಪ್ರಕಟಿಸಿದರು.

2020ರ ಜೂನ್‌ನಲ್ಲಿ ‘ಇಚ್.ಐಒ’ ತಾಣದಲ್ಲಿ ಜನಾಂಗೀಯ ನ್ಯಾಯದ ಪರವಾಗಿ ಮಾರಾಟವಾದ ಬಂಡಲ್ 81 ಲಕ್ಷ ಡಾಲರಿಗೂ ಹೆಚ್ಚು ಹಣ ಸಂಗ್ರಹಿಸಿತು. ಕನಿಷ್ಠ ದರ 5 ಡಾಲರ್ ಆಗಿದ್ದ ಅದರಲ್ಲಿ ಗಣಕ ಆಟಗಳೊಂದಿಗೆ ಅನೇಕ ಪಾತ್ರಾಭಿನಯ ಆಟಪುಸ್ತಕಗಳೂ ಇದ್ದವು. 2022ರ ಮಾರ್ಚ್‌ನಲ್ಲಿ ಅದೇ ತಾಣದಲ್ಲಿ ಉಕ್ರೇನಿನ ನೆರವಿಗಾಗಿ ನಡೆದ ಮಾರಾಟದಲ್ಲಿ 60 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹವಾಯಿತು.

ಕರ್ನಾಟಕದ ಸಂದರ್ಭ

ಆಟಗಳನ್ನು ಗ್ರಂಥಸ್ಥಗೊಳಿಸುವ ಪರಂಪರೆ ಕರ್ನಾಟಕದಲ್ಲಿಯೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳನ್ನು ನಡೆಸಿದೆ. ಅಲ್ಲಿ ಕುಶಲಕರ್ಮಿಗಳು ತಯಾರಿಸಿದ ಚೌಕಾಬಾರ, ಪಗಡೆ, ಆಡು-ಹುಲಿ ಮೊದಲಾದ ಆಟಗಳ ಹಾಸು ಮತ್ತು ಮಣೆಗಳು ಮಾರಾಟವಾಗಿವೆ. ಇದು ದಾನಸಂಗ್ರಹವಲ್ಲದಿದ್ದರೂ ಆಟದ ಮಾರಾಟದಿಂದ ಕರಕುಶಲ ವೃತ್ತಿಗೆ ನೆರವಾಗುವ ಹತ್ತಿರದ ಮಾದರಿಯಾಗಿದೆ.

ಕರಾವಳಿಯಲ್ಲಿ ಮಳೆಗಾಲದ ಆಟವಾದ ಚೆನ್ನೆಮಣೆ 14 ಗುಳಿಗಳ ಮರದ ಮಣೆಯಲ್ಲಿ ನಡೆಯುತ್ತದೆ. ಅದರ ನಿಯಮಗಳು ಮುಖ್ಯವಾಗಿ ಹಿರಿಯರಿಂದ ಕಿರಿಯರಿಗೆ ಆಡುತ್ತಲೇ ಬಂದಿವೆ. ಬಾಯಿಂದ ಬಾಯಿಗೆ ಉಳಿದ ಆಟ ಪುಸ್ತಕವಾಗಿ ಮಾರಾಟವಾಗಬೇಕಾದರೆ ಮೊದಲು ಅದರ ಪಾಠಭೇದಗಳು ದಾಖಲಾಗಬೇಕು.

ಸಹಾಯಾರ್ಥ ಯಕ್ಷಗಾನದೊಂದಿಗೆ ಹೋಲಿಕೆ

ಕೊಲ್ಲೂರು ಸೇರಿದಂತೆ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಪ್ರದೇಶದಲ್ಲಿ ‘ಆಟ’ ಎಂಬ ಪದಕ್ಕೆ ಯಕ್ಷಗಾನ ಪ್ರದರ್ಶನವೆಂಬ ಅರ್ಥವೂ ಇದೆ. ಕೊಲ್ಲೂರಿಗೆ ಸಮೀಪದ ಮಾರಣಕಟ್ಟೆ ಹಾಗೂ ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳು ಹರಕೆಯಾಟಗಳನ್ನು ಆಡುತ್ತವೆ. ವೆಚ್ಚವನ್ನು ಹರಕೆ ಹೊತ್ತವರು ಭರಿಸುತ್ತಾರೆ, ನೋಡುಗರಿಗೆ ಟಿಕೆಟ್ ಇರುವುದಿಲ್ಲ. ಡೇರೆ ಮೇಳಗಳ ಆಟವನ್ನು ಸ್ಥಳೀಯ ಸಂಘಗಳು ನಿಗದಿತ ಮೊತ್ತಕ್ಕೆ ಗೊತ್ತುಮಾಡಿ, ಟಿಕೆಟ್ ಮಾರಿ, ಉಳಿದ ಹಣವನ್ನು ಶಾಲೆ, ಚಿಕಿತ್ಸೆ ಮೊದಲಾದ ಉದ್ದೇಶಗಳಿಗೆ ಬಳಸುವುದು ‘ಸಹಾಯಾರ್ಥ ಪ್ರದರ್ಶನ’ ಎನಿಸಿಕೊಳ್ಳುತ್ತದೆ.

ಆಟಪುಸ್ತಕದ ಬಂಡಲ್ ಈ ಎರಡನೆಯ ಮಾದರಿಗೆ ಹತ್ತಿರವಾಗಿದೆ. ಎರಡರಲ್ಲಿಯೂ ಹಣ ಕೊಟ್ಟವರಿಗೆ ಮನರಂಜನೆ ದೊರೆಯುತ್ತದೆ, ಉಳಿಕೆ ಸೇವೆಗೆ ಹೋಗುತ್ತದೆ. ನಷ್ಟದ ಸಂಭವದಲ್ಲಿ ಮಾತ್ರ ವ್ಯತ್ಯಾಸವಿದೆ. ಮಳೆ ಬಂದರೂ, ಜನ ಸೇರದಿದ್ದರೂ ಮೇಳಕ್ಕೆ ಒಪ್ಪಿದ ಹಣವನ್ನು ಸಂಘ ಕೊಡಲೇಬೇಕಾಗುತ್ತದೆ. ವಿದ್ಯುನ್ಮಾನ ಪುಸ್ತಕ ಮಾರಾಟವಾಗದಿದ್ದಲ್ಲಿ ಸಂಗ್ರಹ ಕಡಿಮೆಯಾಗುತ್ತದೆಯೇ ಹೊರತು ಅಷ್ಟು ದೊಡ್ಡ ಸಾಲ ಉಳಿಯುವುದಿಲ್ಲ. ಮುದ್ರಿಸಿ ಮಾರುವವರಿಗೆ ಮಾತ್ರ ಸಂಘದಂತೆಯೇ ನಷ್ಟದ ಭಯವಿದೆ.

ಭಾರತದಲ್ಲಿ ಕಾನೂನಿನ ಅಂಶಗಳು

ಆದಾಯ ತೆರಿಗೆ ಕಾನೂನಿನಲ್ಲಿ ದೇಣಿಗೆಗಿರುವ ರಿಯಾಯಿತಿ ದಾನಕ್ಕೆ ಮಾತ್ರ ಅನ್ವಯಿಸುತ್ತದೆ. ಪುಸ್ತಕಕ್ಕೆ ಕೊಟ್ಟ ಬೆಲೆ ಖರೀದಿಯಾಗಿರುವುದರಿಂದ ಅದು ದಾನವೆನಿಸುವುದಿಲ್ಲ. ಮುದ್ರಿತ ಪುಸ್ತಕಗಳಿಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಮುದ್ರಿತ ರೂಪವಿರುವ ವಿದ್ಯುನ್ಮಾನ ಪುಸ್ತಕಗಳ ತೆರಿಗೆಯನ್ನು 2018ರಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ವಿದೇಶಗಳಿಂದ ದೇಣಿಗೆ ಪಡೆಯುವ ಭಾರತೀಯ ಸಂಸ್ಥೆಗೆ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. ತನ್ನ ಬಳಿಯಿರುವ ಮುದ್ರಿತ ಪ್ರತಿಯನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಹಕ್ಕುದಾರರ ಒಪ್ಪಿಗೆಯಿಲ್ಲದೆ ಪಿಡಿಎಫ್ ಪ್ರತಿಗಳನ್ನು ಮಾಡಿ ಮಾರುವುದು, ಉದ್ದೇಶ ಸೇವೆಯೇ ಆಗಿದ್ದರೂ, ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ.

ಪ್ರಯೋಜನ ಮತ್ತು ಟೀಕೆ

ಸಣ್ಣ ಮೊತ್ತ ನೀಡುವ ಬಹುಸಂಖ್ಯೆಯ ಜನರನ್ನು ತಲುಪುವುದು ಮತ್ತು ದುರಂತ ಸಂಭವಿಸಿದ ಕೆಲವೇ ದಿನಗಳಲ್ಲಿ ಆರಂಭಿಸಬಹುದಾಗಿರುವುದು ಈ ಪದ್ಧತಿಯ ಮುಖ್ಯ ಪ್ರಯೋಜನಗಳು. ಹೆಚ್ಚು ಪರಿಚಿತರಲ್ಲದ ಲೇಖಕರ ಕೃತಿಗಳಿಗೂ ಹೊಸ ಓದುಗರು ದೊರೆಯುತ್ತಾರೆ.

ಪೂರ್ಣ ಮೊತ್ತವನ್ನು ದಾನ ಮಾಡುವ ಬಂಡಲುಗಳಲ್ಲಿ ಲೇಖಕರಿಗೆ ಹಾಗೂ ಚಿತ್ರಕಾರರಿಗೆ ಸಂಭಾವನೆ ದೊರೆಯುವುದಿಲ್ಲ. ಅಲ್ಪ ಆದಾಯದಲ್ಲಿ ದುಡಿಯುವವರಿಂದ ಪದೇಪದೇ ಇಂತಹ ಕೊಡುಗೆ ನಿರೀಕ್ಷಿಸುವುದು ನ್ಯಾಯವೇ ಎಂಬ ಪ್ರಶ್ನೆ ಇದೆ. ನೂರಾರು ಕೃತಿಗಳ ಬಂಡಲಿನಲ್ಲಿ ಬಹುಪಾಲು ಓದದೆಯೇ ಉಳಿಯುತ್ತವೆ. ಅತಿ ಅಗ್ಗದ ದರ ಪುಸ್ತಕದ ಸಹಜ ಬೆಲೆಯ ಬಗೆಗಿನ ನಿರೀಕ್ಷೆಯನ್ನೂ ಕುಗ್ಗಿಸಬಹುದು. ‘ಸಹಾಯಾರ್ಥ’ ಎಂಬ ಹೆಸರಿನಡಿ ಶೇ. 10 ನೀಡುವ ಮಾರಾಟವೂ ಶೇ. 100 ನೀಡುವ ಮಾರಾಟವೂ ಸೇರುತ್ತವೆ. ಆದ್ದರಿಂದ ಹಣ ಪಡೆಯುವ ಸಂಸ್ಥೆ, ಅದರ ಪಾಲು, ಕಳೆಯಲಾಗುವ ಶುಲ್ಕ ಮತ್ತು ಅಂತಿಮ ಮೊತ್ತ, ಈ ನಾಲ್ಕನ್ನು ಬಹಿರಂಗಪಡಿಸುವುದು ಇಂತಹ ಮಾರಾಟದ ವಿಶ್ವಾಸಾರ್ಹತೆಗೆ ಅಗತ್ಯವಾಗಿದೆ.