ಪ್ರಾಣಾಯಾಮ ಮತ್ತು ಶ್ವಾಸರೋಗ

ಯೋಗಸಾಧನೆಗೆ ಅಡ್ಡಬರುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ಪತಂಜಲಿ ಮಹರ್ಷಿಗಳು ಮೊಟ್ಟಮೊದಲು ಹೆಸರಿಸಿರುವುದು ವ್ಯಾಧಿಯನ್ನು. ಅದರ ಮುಂದಿನ ಸೂತ್ರದಲ್ಲಿಯೇ ಚಿತ್ತವಿಕ್ಷೇಪದ ಜೊತೆಗಾರರೆಂದು ದುಃಖ, ದೌರ್ಮನಸ್ಯ, ಅಂಗಕಂಪನಗಳೊಡನೆ ಅಸ್ತವ್ಯಸ್ತವಾದ ಶ್ವಾಸ-ಪ್ರಶ್ವಾಸಗಳನ್ನೂ ಹೇಳಿದ್ದಾರೆ. ಮನಸ್ಸು ಕದಡಿದರೆ ಉಸಿರು ಕೆಡುತ್ತದೆ; ಉಸಿರು ಕೆಟ್ಟರೆ ದೇಹಮನಸ್ಸುಗಳೆರಡೂ ಬಳಲುತ್ತವೆ. ಪ್ರಾಣಾಯಾಮವನ್ನು ಚಿಕಿತ್ಸೆಯೆಂದು ಪರಿಗಣಿಸುವ ವಿಚಾರಕ್ಕೆ ಈ ತಿಳಿವಳಿಕೆಯೇ ತಳಹದಿಯಾಗಿದೆ.

ಸ್ವಾತ್ಮಾರಾಮನ 'ಹಠಯೋಗಪ್ರದೀಪಿಕೆ'ಯ ಎರಡನೆಯ ಉಪದೇಶವು ಈ ವಿಷಯವನ್ನು ಇನ್ನೂ ವಿಶದವಾಗಿ ನಿರೂಪಿಸುತ್ತದೆ. ಯುಕ್ತವಾದ ಪ್ರಾಣಾಯಾಮದಿಂದ ಸಕಲ ರೋಗಗಳೂ ಕ್ಷಯಿಸುತ್ತವೆಯೆಂದು ಹೇಳುವ ಆ ಗ್ರಂಥವೇ, ಅಯುಕ್ತವಾದ ಅಭ್ಯಾಸದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ-ಕಿವಿ-ಕಣ್ಣುಗಳ ಬೇನೆಗಳು ಹುಟ್ಟುತ್ತವೆಯೆಂದು ಎಚ್ಚರಿಸುತ್ತದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಪ್ರಾಣವನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕೆಂಬುದು ಅದರ ಮತ. ಔಷಧಿಯಾಗಬಲ್ಲ ವಸ್ತುವೇ ವಿಷವೂ ಆಗಬಲ್ಲದೆಂಬ ಈ ಅರಿವು ಪ್ರಾಚೀನರ ಅನುಭವದ ಆಳವನ್ನು ತೋರಿಸುತ್ತದೆ.

ಉಸಿರಾಟದ ಕ್ರಮವನ್ನು ಶರೀರಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದರೆ ಇದರ ಮರ್ಮ ತಿಳಿಯುತ್ತದೆ. ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಒಂದು ಉಸಿರಿಗೆ ಒಳಬರುವ ಗಾಳಿ ಸುಮಾರು 500 ಮಿಲಿಲೀಟರು. ಇದರಲ್ಲಿ ಸುಮಾರು 150 ಮಿಲಿಲೀಟರು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು, ರಕ್ತಕ್ಕೆ ಉಪಯೋಗವಾಗದೆ ಹಿಂದಿರುಗುತ್ತದೆ. ನಿಮಿಷಕ್ಕೆ 6 ಲೀಟರು ಗಾಳಿಯನ್ನು ಸೇವಿಸುವ ಇಬ್ಬರನ್ನು ಊಹಿಸಬಹುದು. ಒಬ್ಬನು 250 ಮಿಲಿಲೀಟರಿನಂತೆ 24 ಸಲ ಮೇಲುಸಿರು ಬಿಡುತ್ತಾನೆ. ಅವನ ವಾಯುಕೋಶಗಳನ್ನು ಮುಟ್ಟುವುದು 2,400 ಮಿಲಿಲೀಟರು ಮಾತ್ರ. ಇನ್ನೊಬ್ಬನು 1,000 ಮಿಲಿಲೀಟರಿನಂತೆ 6 ಸಲ ಆಳವಾಗಿ ಉಸಿರಾಡುತ್ತಾನೆ. ಅವನಿಗೆ ದೊರೆಯುವುದು 5,100 ಮಿಲಿಲೀಟರು. ಸೇವಿಸಿದ ಗಾಳಿ ಒಂದೇ. ದಕ್ಕಿದುದು ಎರಡರಷ್ಟಕ್ಕಿಂತ ಹೆಚ್ಚು. ಅಲ್ಲದೆ, ನಿಃಶ್ವಾಸದ ವೇಳೆಯಲ್ಲಿ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ರೇಚಕವು ದೀರ್ಘವಾದಂತೆ ದೇಹಕ್ಕೆ ಶಾಂತಿಯುಂಟಾಗುವುದಕ್ಕೆ ಇದೂ ಒಂದು ಕಾರಣ.

ಉಬ್ಬಸದ ರೋಗಿಯಲ್ಲಿ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಸುತ್ತಣ ಸ್ನಾಯುಗಳು ಬಿಗಿದು, ಕಫವು ದಾರಿಯನ್ನು ಕಟ್ಟುತ್ತದೆ. ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಹಾಕುವುದೇ ಅವನಿಗೆ ಹೆಚ್ಚಿನ ಕಷ್ಟ. ಹಳೆಯ ಗಾಳಿ ಒಳಗೇ ಸಿಕ್ಕಿಕೊಂಡಿರುವಾಗ ಭಯದಿಂದ ಅವನು ಇನ್ನಷ್ಟು ಬೇಗ ಬೇಗ ಉಸಿರೆಳೆಯುತ್ತಾನೆ, ಹೊರಹೋಗಲು ಕಾಲಾವಕಾಶವಿಲ್ಲದೆ ಮತ್ತಷ್ಟು ಗಾಳಿ ಒಳಗೆ ಉಳಿಯುತ್ತದೆ, ಭಯವೂ ಬೆಳೆಯುತ್ತದೆ. ಈ ವಿಷವರ್ತುಲವನ್ನು ಸಡಿಲಿಸುವ ಶಿಕ್ಷಣವೇ ದೀರ್ಘರೇಚಕದ ಅಭ್ಯಾಸ. ರೋಗವಿಲ್ಲದ ವೇಳೆಯಲ್ಲಿ ಇದನ್ನು ರೂಢಿಸಿಕೊಂಡವನು ರೋಗ ಬಂದಾಗ ದಿಗಿಲುಗೊಳ್ಳುವುದು ಕಡಿಮೆ.

ಶಾಸ್ತ್ರದ ಈ ಮಾತುಗಳನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರಲ್ಲಿ ಸ್ವಾಮಿ ಕುವಲಯಾನಂದರು ಅಗ್ರಗಣ್ಯರು. ಅವರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ 'ಯೋಗಮೀಮಾಂಸಾ' ಪತ್ರಿಕೆಯನ್ನು ಆರಂಭಿಸಿ ಯೋಗಕ್ರಿಯೆಗಳ ಪರಿಣಾಮಗಳನ್ನು ಅಳೆದು ಪ್ರಕಟಿಸತೊಡಗಿದರು. ಉಬ್ಬಸದ ಬಗೆಗೆ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು ನಡೆಸಿದ ಅಧ್ಯಯನವು 1985ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. 53 ಮಂದಿ ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕಲಿಸಿ, ಪ್ರತಿದಿನ 65 ನಿಮಿಷ ಅಭ್ಯಾಸ ಮಾಡಲು ತಿಳಿಸಲಾಯಿತು. ಅವರಿಗೆ ಸಮಾನರಾದ, ಯೋಗ ಮಾಡದ ಇನ್ನೂ 53 ಮಂದಿಯೊಡನೆ ಹೋಲಿಸಿದಾಗ, ಯೋಗಾಭ್ಯಾಸಿಗಳಲ್ಲಿ ರೋಗದ ಆಕ್ರಮಣವೂ ಔಷಧಿಯ ಬಳಕೆಯೂ ಹೆಚ್ಚು ಕಡಿಮೆಯಾದುದು ಕಂಡುಬಂದಿತು. ಆದರೆ 15 ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡಿದ 2016ರ ಕಾಕ್ರೇನ್ ವಿಮರ್ಶೆಯ ನಿರ್ಣಯ ಮಿತವಾದುದು: ರೋಗಲಕ್ಷಣಗಳಲ್ಲಿಯೂ ಜೀವನದ ನೆಮ್ಮದಿಯಲ್ಲಿಯೂ ಅಲ್ಪ ಸುಧಾರಣೆ ಸಂಭವನೀಯ, ಪುಪ್ಪುಸದ ಶಕ್ತಿಯ ಮೇಲಣ ಪರಿಣಾಮ ಇನ್ನೂ ನಿಶ್ಚಿತವಲ್ಲ.

ಆದುದರಿಂದ ಯೋಗವು ವೈದ್ಯಕ್ಕೆ ಸಹಾಯಕವೇ ಹೊರತು ಪ್ರತಿಸ್ಪರ್ಧಿಯಲ್ಲ. ಉಬ್ಬಸ ಉಲ್ಬಣಿಸಿದಾಗ ಮೊದಲು ಬೇಕಾದುದು ಔಷಧಿ. ಆ ಗಳಿಗೆಯಲ್ಲಿ ಪ್ರಾಣಾಯಾಮವನ್ನು ನಂಬಿ ಔಷಧಿಯನ್ನು ದೂರವಿಡುವುದು ಪ್ರಾಣಕ್ಕೇ ಸಂಚಕಾರ. ವೈದ್ಯರ ಅಪ್ಪಣೆಯಿಲ್ಲದೆ ಔಷಧಿಯ ಪ್ರಮಾಣವನ್ನು ತಗ್ಗಿಸಲಾಗದು. ರಕ್ತದ ಒತ್ತಡ, ಹೃದ್ರೋಗವುಳ್ಳವರೂ ಗರ್ಭಿಣಿಯರೂ ಭಸ್ತ್ರಿಕಾ, ಕಪಾಲಭಾತಿ, ದೀರ್ಘಕುಂಭಕಗಳನ್ನು ತಾವಾಗಿಯೇ ಮಾಡಬಾರದು. ಕಣ್ಣಿನ ಒತ್ತಡದ ರೋಗವಾದ ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನವು ಹಾನಿಕರ. ಕುಂಭಕವಿಲ್ಲದ ನಾಡೀಶೋಧನ, ಮೆಲುದನಿಯ ಭ್ರಾಮರೀ, ಶವಾಸನಗಳಿಂದ ತೊಡಗಿ, ಬಲ್ಲವರ ಮುಂದೆ ಕಲಿಯುವುದೇ ಕ್ಷೇಮಕರ.

ವೀರಶೈವ ಯೋಗಿ ಚನ್ನಸದಾಶಿವಯೋಗಿಯ 'ಶಿವಯೋಗಪ್ರದೀಪಿಕೆ'ಯು ಮಂತ್ರ, ಲಯ, ಹಠ, ರಾಜಗಳೆಂಬ ನಾಲ್ಕು ಯೋಗಗಳನ್ನು ನಿರೂಪಿಸುತ್ತದೆ. ಆ ಸಂಪ್ರದಾಯದಲ್ಲಿ ಪ್ರಾಣನಿಗ್ರಹವು ಮೆಟ್ಟಿಲೇ ಹೊರತು ಗುಡಿಯಲ್ಲ; ಆರೋಗ್ಯವು ಸಾಧನೆಯ ಫಲವಾಗಿ ಬಂದರೂ ಅದೇ ಗುರಿಯಲ್ಲ. ಆದರೆ ಪತಂಜಲಿಗಳು ವ್ಯಾಧಿಯನ್ನು ಮೊದಲ ವಿಘ್ನವೆಂದು ಎಣಿಸಿದುದನ್ನು ಮರೆಯಲಾಗದು. ರಾತ್ರಿಯೆಲ್ಲ ಗೋಡೆಗೊರಗಿ ಏದುಸಿರು ಬಿಡುವವನಿಗೆ ಧ್ಯಾನವೆಲ್ಲಿಯದು, ದುಡಿಮೆಯೆಲ್ಲಿಯದು? ಅಂಥವನಿಗೆ ಒಂದು ನೆಮ್ಮದಿಯ ಉಸಿರನ್ನು ಔಷಧಿ ಕೊಟ್ಟರೂ ಸರಿ, ಅಭ್ಯಾಸ ಕೊಟ್ಟರೂ ಸರಿ, ಎರಡೂ ಕೂಡಿ ಕೊಟ್ಟರೆ ಮತ್ತೂ ಒಳ್ಳೆಯದು. ಉಳಿದ ಸಾಧನೆಗಳೆಲ್ಲ ಆ ಉಸಿರಿನಿಂದಲೇ ಆರಂಭವಾಗಬೇಕು.