ಕೊಕ್ಕೊ ಕೂಟ ನಡೆಸಬೇಕೆಂದಿದ್ದೀರಾ? ಮೊದಲು ಇಷ್ಟು ತಿಳಿದಿರಲಿ

‘ಮಾಯಾ ಜನರ 5000 ವರ್ಷದ ರಹಸ್ಯ ಪಾನೀಯ. ಹೃದಯ ತೆರೆಯುತ್ತದೆ, ಖಿನ್ನತೆ ಕರಗುತ್ತದೆ, ಬಿ.ಪಿ. ಇಳಿಯುತ್ತದೆ. ಶುದ್ಧ ನೈಸರ್ಗಿಕ, ಅಡ್ಡಪರಿಣಾಮವೇ ಇಲ್ಲ.’ ಈ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಜೊತೆಗೆ ‘ಸೆರೆಮೋನಿಯಲ್ ಕಕಾವೊ’ ಕೂಟದ ಆಹ್ವಾನ, ಇಲ್ಲವೇ ಅಂಥ ಕೂಟ ನಡೆಸಲು ಕಲಿಸುವ ಕೋರ್ಸಿನ ಜಾಹೀರಾತು.

ಹತ್ತಾರು ಜನ ಸುತ್ತ ಕೂತು, ಒಂದು ಲೋಟ ದಪ್ಪ ಕಹಿ ಕೊಕ್ಕೊ ಕುಡಿದು, ಸ್ವಲ್ಪ ಹೊತ್ತು ಮೌನವಾಗಿದ್ದು, ಆಮೇಲೆ ಮನಸ್ಸಿನ ಮಾತು ಹಂಚಿಕೊಳ್ಳುವುದು ಈ ಕೂಟದ ರೂಪ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಮುಂದೆ ನಿಂತು ಲೋಟ ಕೊಡುವವರು ನೀವಾದರೆ ಕುಡಿದವರ ಹೊಣೆಯೂ ನಿಮ್ಮದೇ. ಹಾಗಾಗಿ ಸಂದೇಶದಲ್ಲಿರುವ ಒಂದೊಂದು ಮಾತನ್ನೂ ನೋಡೋಣ.

ಕಕಾವೊ ಬೇರೆ, ಕೊಕ್ಕೊ ಬೇರೆಯೇ?

ಅಲ್ಲ. ಎರಡೂ ‘ಥಿಯೊಬ್ರೊಮಾ ಕಕಾವೊ’ ಎಂಬ ಒಂದೇ ಮರದವು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುವ ಕೊಕ್ಕೊ ಕೂಡ ಇದೇ. ಕ್ಯಾಂಪ್ಕೊ ಸಂಸ್ಥೆ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿರುವುದೂ ಈ ಬೀಜವನ್ನು ನಂಬಿಯೇ.

ಕೂಟಗಳಲ್ಲಿ ಬಳಸುವುದು ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು ಅರೆದ ಗಟ್ಟಿ. ಅದರಲ್ಲಿ ಅರ್ಧದಷ್ಟು ಕೊಬ್ಬು ಹಾಗೆಯೇ ಉಳಿದಿರುತ್ತದೆ. ಅಂಗಡಿಯ ಕೊಕ್ಕೊ ಪುಡಿಯಲ್ಲಿ ಈ ಕೊಬ್ಬಿನ ಬಹುಭಾಗ ಹಿಂಡಿ ತೆಗೆದಿರುತ್ತಾರೆ. ವ್ಯತ್ಯಾಸ ಇಷ್ಟೇ.

‘ಸೆರೆಮೋನಿಯಲ್ ಗ್ರೇಡ್’ ಎಂಬ ದರ್ಜೆಗೆ ಕಾನೂನಿನಲ್ಲಿ ಯಾವ ಅಳತೆಯೂ ಇಲ್ಲ. ಅದು ಮಾರುವವರು ಇಟ್ಟ ಹೆಸರು. ಕೊಳ್ಳುವಾಗ ಆ ಹೆಸರಿಗಿಂತ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಿಸಿದ ದಿನಾಂಕ, ಬೀಜ ಎಲ್ಲಿಯದು ಎಂಬುದನ್ನು ನೋಡಿ. ‘ಹುರಿಯದ ಹಸಿ ಕಕಾವೊ ಶ್ರೇಷ್ಠ’ ಎಂಬ ಮಾತಿಗೂ ಮರುಳಾಗಬೇಡಿ. ಹುದುಗಿಸುವಾಗ, ಒಣಗಿಸುವಾಗ ಬೀಜಕ್ಕೆ ಸಾಲ್ಮೊನೆಲ್ಲಾದಂಥ ರೋಗಾಣು ಸೇರಬಹುದು. ಅವನ್ನು ಕೊಲ್ಲುವುದು ಹುರಿಯುವಾಗಿನ ಬಿಸಿ.

ಮಾಯಾ ಜನರ 5000 ವರ್ಷದ ವಿಧಿಯೇ?

ಅರ್ಧ ನಿಜ. ಕೊಕ್ಕೊ ಬಳಕೆಯ ಅತಿ ಹಳೆಯ ಕುರುಹು ಸಿಕ್ಕಿದ್ದು ದಕ್ಷಿಣ ಅಮೆರಿಕದ ಇಕ್ವೆಡಾರ್‌ನ ಸಾಂಟಾ ಆನಾ ಲಾ ಫ್ಲೋರಿಡಾ ಎಂಬಲ್ಲಿ. ಅದು ಸುಮಾರು 5300 ವರ್ಷ ಹಳೆಯದು. ಆದರೆ ಆ ಜನ ಮಾಯಾ ಅಲ್ಲ.

ಮಾಯಾ ಜನರಿಗೆ ಕೊಕ್ಕೊ ಪೂಜ್ಯವಾಗಿದ್ದುದು ಮಾತ್ರ ಖಚಿತ. ಗ್ವಾಟೆಮಾಲಾದ ರಿಯೊ ಅಸುಲ್‌ನ ಗೋರಿಯೊಂದರಲ್ಲಿ ಸಿಕ್ಕ ಮಡಕೆಯ ಮೇಲೆ ‘ಕಕಾವ್’ ಎಂದು ಬರೆದಿತ್ತು, ಒಳಗೆ ಕೊಕ್ಕೊದ ಅಂಶವೂ ಇತ್ತು. ಮದುವೆ ಮಾತುಕತೆ, ಔತಣ, ದೇವರ ಪೂಜೆ ಎಲ್ಲಕ್ಕೂ ಕೊಕ್ಕೊ ಬೇಕಿತ್ತು. ನಾವು ಕಾಫಿಯನ್ನು ಎತ್ತಿ ಹೊಯ್ದು ನೊರೆ ಬರಿಸುವಂತೆ ಅವರೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರು.

ಆದರೆ ಅಪರಿಚಿತರು ಹಣ ಕೊಟ್ಟು ಸೇರಿ, ಕಣ್ಣು ಮುಚ್ಚಿ ಕೂತು, ಸಂಗೀತದ ನಡುವೆ ಭಾವನೆ ಹಂಚಿಕೊಳ್ಳುವ ಇಂದಿನ ರೂಪ ಹೊಸದು. ಇದು ಬೆಳೆದದ್ದು ಈ ಶತಮಾನದಲ್ಲಿ. ಗ್ವಾಟೆಮಾಲಾದ ಅಟಿಟ್ಲಾನ್ ಸರೋವರದ ಸುತ್ತ ನೆಲೆಸಿದ ವಿದೇಶಿಯರ ಮೂಲಕ ಇದು ಜಗತ್ತಿನ ಯೋಗ ಕೇಂದ್ರಗಳಿಗೆ ಹಬ್ಬಿತು. ನಿಮ್ಮ ಕೂಟದಲ್ಲಿ ‘ಮಾಯಾ ವಿಧಿ ಮಾಡಿಸುತ್ತೇನೆ’ ಎನ್ನುವ ಬದಲು ‘ಕೊಕ್ಕೊ ಅವರಿಗೆ ಪೂಜ್ಯ, ಈ ಕೂಟ ನಮ್ಮ ಕಾಲದ್ದು’ ಎಂದರೆ ಸತ್ಯವೂ ಹೌದು, ಅವರಿಗೆ ಮರ್ಯಾದೆಯೂ ಹೌದು.

ಕುಡಿದರೆ ನಿಜಕ್ಕೂ ಏನಾಗುತ್ತದೆ?

ಕೂಟಗಳಲ್ಲಿ ಒಬ್ಬರಿಗೆ ಸುಮಾರು 40 ಗ್ರಾಂ ಗಟ್ಟಿ ಕೊಡುವ ರೂಢಿ ಇದೆ. ಅದರಲ್ಲಿ ಥಿಯೊಬ್ರೊಮಿನ್ ಎಂಬ ವಸ್ತು ಸುಮಾರು 400ರಿಂದ 500 ಮಿಲಿಗ್ರಾಂ ಇರುತ್ತದೆ. ಜೊತೆಗೆ ಅರ್ಧದಿಂದ ಒಂದು ಕಪ್ ಕಾಫಿಯಷ್ಟು ಕೆಫೀನ್. ಥಿಯೊಬ್ರೊಮಿನ್ ಕೆಫೀನಿನ ಬಳಗದ್ದೇ, ಆದರೆ ಮೆದು. ರಕ್ತನಾಳಗಳನ್ನು ಸ್ವಲ್ಪ ಸಡಿಲಿಸುತ್ತದೆ, ಪ್ರಮಾಣ ಹೆಚ್ಚಾದರೆ ಎದೆಬಡಿತ ಏರಿಸುತ್ತದೆ. ‘ಹೃದಯ ತೆರೆಯಿತು’ ಎಂದು ಅನಿಸುವುದರಲ್ಲಿ ಇದರ ಪಾಲೂ ಇರಬಹುದು. ಕುಡಿದದ್ದರಲ್ಲಿ ಅರ್ಧ ಇಳಿಯಲು ಆರೇಳು ಗಂಟೆಯಾದರೂ ಬೇಕು. ರಾತ್ರಿ ಕುಡಿದವರಿಗೆ ನಿದ್ದೆ ಬಾರದಿರುವುದು ಇದಕ್ಕೇ.

‘ಆನಂದದ ಅಣು’ ಎಂದು ಹೆಸರಾದ ಆನಂದಮೈಡ್, ‘ಪ್ರೀತಿಯ ರಾಸಾಯನಿಕ’ ಎನ್ನುವ ಫಿನೈಲ್‌ಈಥೈಲಮೈನ್ ಕೊಕ್ಕೊದಲ್ಲಿ ಇರುವುದು ನಿಜ. ಆದರೆ ಅವುಗಳ ಪ್ರಮಾಣ ತೀರಾ ಕಡಿಮೆ, ಹೆಚ್ಚಿನದು ಮಿದುಳು ಮುಟ್ಟುವ ಮೊದಲೇ ದೇಹದಲ್ಲಿ ಒಡೆದುಹೋಗುತ್ತದೆ.

ಬಿ.ಪಿ. ವಿಷಯ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ ಕೊಕ್ಕೊದಿಂದ ಇಳಿದ ರಕ್ತದೊತ್ತಡ ಸರಾಸರಿ 2 ಅಂಕಕ್ಕಿಂತಲೂ ಕಡಿಮೆ. 160 ಇರುವವರಿಗೆ ಅದರಿಂದ ಏನಾದೀತು? ಮಾತ್ರೆಗೆ ಇದು ಬದಲಿಯಲ್ಲ.

ಹಾಗಾದರೆ ಬಂದವರಿಗೆ ಹಗುರ ಎನಿಸುವುದು ಸುಳ್ಳೇ? ಸುಳ್ಳಲ್ಲ. ಫೋನ್ ಬದಿಗಿಟ್ಟು, ಬಿಸಿ ಲೋಟ ಹಿಡಿದು ಕೂತಾಗ, ನಮ್ಮ ಮಾತನ್ನು ಯಾರೋ ತಡೆಯದೆ ಕೇಳಿದರೆ ಮನಸ್ಸು ಹಗುರಾಗುವುದು ಸಹಜ. ಆ ಶ್ರೇಯವನ್ನೆಲ್ಲ ಕೊಕ್ಕೊಗೇ ಕೊಡಬೇಕಿಲ್ಲ.

ಯಾರಿಗೆ ಕೊಡಬಾರದು?

ಕೂಟಕ್ಕೆ ಎರಡು ದಿನ ಮೊದಲೇ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ. ಎಲ್ಲರ ಮುಂದೆ ಕೇಳಿದರೆ ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬಾಯಿ ಬಿಡುವುದಿಲ್ಲ.

• ಎಂಎಒ ತಡೆಯುವ ಗುಂಪಿನ ಔಷಧಿ (ಕೆಲವು ಖಿನ್ನತೆಯ, ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳು) ತೆಗೆದುಕೊಳ್ಳುವವರಿಗೆ ಬೇಡ. ಬಿ.ಪಿ. ಒಮ್ಮೆಲೇ ಏರಬಹುದು.
• ಎದೆಬಡಿತದ ತೊಂದರೆ, ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿ.ಪಿ., ಪ್ಯಾನಿಕ್ ತೊಂದರೆ ಇರುವವರು, ಇತರ ಮಾನಸಿಕ ಔಷಧಿ ಅಥವಾ ಉಬ್ಬಸಕ್ಕೆ ಥಿಯೊಫಿಲಿನ್ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಬರಲಿ.
• ಗರ್ಭಿಣಿಯರಿಗೆ ಕೂಟದ ಪೂರ್ತಿ ಪ್ರಮಾಣ ಬೇಡ. ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮಿತಿ, ಅದರಲ್ಲಿ ಕಾಫಿ, ಟೀ ಎರಡೂ ಸೇರಿವೆ.
• ಮೈಗ್ರೇನ್, ಎದೆಯುರಿ, ಆಕ್ಸಲೇಟ್‌ನ ಕಿಡ್ನಿ ಕಲ್ಲು ಇರುವವರಿಗೆ ಕೊಕ್ಕೊ ಆಗಿಬರದಿರಬಹುದು.

ಯಾರಿಗೂ ‘ಎರಡು ದಿನ ಮಾತ್ರೆ ನಿಲ್ಲಿಸಿ ಬನ್ನಿ’ ಎಂದು ಹೇಳಲೇಬೇಡಿ. ಬಿ.ಪಿ. ಮತ್ತು ಖಿನ್ನತೆಯ ಕೆಲವು ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಆಗುವ ತೊಂದರೆ ಕೊಕ್ಕೊದ ತೊಂದರೆಗಿಂತ ದೊಡ್ಡದು. ಕುಡಿಯಲಾಗದವರು ಬಿಸಿ ಹಾಲು, ಕಷಾಯ ಹಿಡಿದು ಕೂರಲಿ. ಕೂಟಕ್ಕೆ ಕುಂದೇನೂ ಇಲ್ಲ.

ಮೊದಲ ಕೂಟ ಹೀಗಿರಲಿ

ಪರಿಚಯದ ಆರೇಳು ಜನರಿಂದ ಶುರುಮಾಡಿ. ಬೆಳಿಗ್ಗೆ ಅಥವಾ ಮಧ್ಯಾಹ್ನದ ಹೊತ್ತು ಒಳ್ಳೆಯದು. ಒಂದೆರಡು ಗಂಟೆ ಮೊದಲು ಹಗುರಾಗಿ ತಿಂದಿರಲಿ.

ತಕ್ಕಡಿಯಲ್ಲಿ ತೂಗಿ. ಅಂದಾಜು ಬೇಡ. ಹೊಸಬರಿಗೆ 15ರಿಂದ 20 ಗ್ರಾಂ ಸಾಕು. ಸಣ್ಣಗೆ ಹೆಚ್ಚಿ, ಒಂದು ಲೋಟ ಬಿಸಿನೀರಿಗೆ ಹಾಕಿ ಕಡಗೋಲಿನಿಂದ ಕಡೆಯಿರಿ. ಬೆಲ್ಲ, ಏಲಕ್ಕಿ, ಚಿಟಿಕೆ ಮೆಣಸಿನಪುಡಿ ನಿಮ್ಮಿಷ್ಟ. ಕುಡಿಯುವ ನೀರು ಪಕ್ಕದಲ್ಲಿರಲಿ. ಮನೆಯಲ್ಲಿ ನಾಯಿಯಿದ್ದರೆ ಲೋಟ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಥಿಯೊಬ್ರೊಮಿನ್ ನಾಯಿಗೆ ವಿಷ. ಅಣಬೆ, ಗಾಂಜಾದಂಥದ್ದನ್ನು ಬೆರೆಸುವುದು ಅಪಾಯ, ಅಪರಾಧ ಕೂಡ. ಹಣ ಪಡೆದು ಬಡಿಸುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯ ನಿಯಮ ವಿಚಾರಿಸಿ.

ಮಾತಾಡಲೇಬೇಕೆಂಬ ಒತ್ತಾಯ ಬೇಡ. ಯಾರಾದರೂ ಅತ್ತರೆ ಪಕ್ಕದಲ್ಲಿ ಕೂತು ಕೇಳಿ. ‘ಹಳೆಯ ನೋವು ಹೊರಬರುತ್ತಿದೆ, ಬಿಡಿ’ ಎಂದು ವ್ಯಾಖ್ಯಾನ ಕೊಡಬೇಡಿ. ವಾರದ ಕೋರ್ಸಿನ ಸರ್ಟಿಫಿಕೇಟ್ ನಿಮ್ಮನ್ನು ವೈದ್ಯರನ್ನಾಗಿ ಮಾಡುವುದಿಲ್ಲ. ಬದುಕೇ ಬೇಡ ಎನ್ನುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಎದೆನೋವು, ತಲೆಸುತ್ತು, ನಿಲ್ಲದ ಎದೆಬಡಿತ ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಕೊನೆಗೆ ನಮ್ಮ ಮಾತು ಇಷ್ಟು. ಕೊಕ್ಕೊ ಒಳ್ಳೆಯ ಪಾನೀಯ, ಔಷಧಿಯಲ್ಲ. ಕೂಟ ಒಳ್ಳೆಯ ನೆಪ, ಚಿಕಿತ್ಸೆಯಲ್ಲ. ‘ಅಡ್ಡಪರಿಣಾಮವೇ ಇಲ್ಲ’ ಎನ್ನುವ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಆ ಗುಂಪಿನಲ್ಲಿ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಯೋಚಿಸಿ.