ಕಾನೂನು ಬದಲಾದರೆ ಅಧಿಕಾರವೂ ಬದಲಾಗುವುದೇ?

ಪ್ರಶ್ನೆ: ಸ್ತ್ರೀಪುರುಷ ಸಮಾನತೆಗೆ ಕಾನೂನಿನ ತಿದ್ದುಪಡಿಯೊಂದೇ ಸಾಕೆಂದು ತತ್ತ್ವಜ್ಞಾನಿಗಳು ಭಾವಿಸಿದ್ದರೇ?

ಉತ್ತರ: ಎಲ್ಲರೂ ಹಾಗೆ ಭಾವಿಸಿರಲಿಲ್ಲ. ಮದುವೆಯಾದೊಡನೆ ಹೆಂಡತಿಯ ಆಸ್ತಿಯ ಮೇಲಿನ ಹಿಡಿತ ಗಂಡನ ವಶವಾಗುತ್ತಿದ್ದ ಇಂಗ್ಲೆಂಡಿನಲ್ಲಿ, ಜಾನ್ ಸ್ಟುವರ್ಟ್ ಮಿಲ್ 1851ರಲ್ಲಿ ಹ್ಯಾರಿಯೆಟ್ ಟೇಲರ್ ಅವರನ್ನು ವರಿಸುವ ಮುನ್ನ, ಅಂಥ ಹಕ್ಕುಗಳನ್ನು ಕಳಚಿಕೊಳ್ಳಲು ಕಾನೂನಿನಲ್ಲಿ ದಾರಿಯಿಲ್ಲದ ಕಾರಣ, ಅವುಗಳನ್ನು ಎಂದಿಗೂ ಚಲಾಯಿಸುವುದಿಲ್ಲವೆಂದು ಲಿಖಿತ ವಚನವಿತ್ತರು; ಹೆಣ್ಣಿನ ‘ಸಹಜ ಸ್ವಭಾವ’ವೆಂಬುದು ಬಹುಮಟ್ಟಿಗೆ ದಮನದ ಫಲವೆಂದು 1869ರ ಕೃತಿಯಲ್ಲಿ ವಾದಿಸಿದರು. ಫ್ರಾನ್ಸಿನ ಮಹಿಳೆಯರಿಗೆ 1944ರಲ್ಲಿ ಮತದಾನದ ಹಕ್ಕು ದೊರೆತ ಮೇಲೂ, ಪುರುಷನನ್ನೇ ಮಾನದಂಡವಾಗಿಸಿ ಹೆಣ್ಣನ್ನು ‘ಅನ್ಯ’ಳಾಗಿ, ಅಂದರೆ ಅವನಿಗೆ ಹೋಲಿಸಿಯೇ ಗುರುತಿಸಬೇಕಾದವಳಾಗಿ, ಕಾಣುವ ರೂಢಿ ಅಳಿದಿಲ್ಲವೆಂದೂ, ಆರ್ಥಿಕ ಸ್ವಾವಲಂಬನೆಯಿಲ್ಲದೆ ಮತದ ಹಕ್ಕೊಂದೇ ಬಿಡುಗಡೆ ತಾರದೆಂದೂ ಸಿಮೋನ್ ದ ಬೋವಾ 1949ರಲ್ಲಿ ಪ್ರತಿಪಾದಿಸಿದರು.